ನನ್ನ ಅನುಭವ: ಒಂದೇ ರೆಡ್ ವೈನ್ ಬ್ಲೆಂಡ್, ಮೂರು ದಿನ ರುಚಿ ನೋಡಿದ್ದು

ಮೊದಲನೇ ಗುಟುಕಿಗೇ ಈ ಬಾಟ್ಲಿ ಕೆಟ್ಟಿದೆ ಅಂದ್ಕೊಂಡು ಸಿಂಕಿಗೆ ಸುರಿಯೋಕೆ ಹೊರಟಿದ್ದೆ. ಸದ್ಯ ಸುರೀಲಿಲ್ಲ.

ವೈನು ಗ್ರೆನಾಶ್, ಸಿರಾ, ಮೂರ್ವೆದ್ರ್ ಅನ್ನೋ ಮೂರು ದ್ರಾಕ್ಷಿ ತಳಿ ಸೇರಿದ ಬ್ಲೆಂಡು, ಜಿಎಸ್ಎಂ ಅಂತಾರಲ್ಲ ಅದು, ಫ್ರಾನ್ಸಿನ ದಕ್ಷಿಣ ರೋನ್ ಕಡೆಯ ಹಳೇ ಮಿಶ್ರಣ. ಸ್ಕ್ರೂ ಕ್ಯಾಪ್, ಆಲ್ಕೋಹಾಲ್ 14.5%. ಕ್ಯಾಪ್ ತಿರುಗಿಸಿದ ತಕ್ಷಣ ನಾನು ಮಾಡಿದ ಒಂದು ಕೆಲಸ ಅಂದ್ರೆ 375 ಎಂಎಲ್ಲಿನ ಖಾಲಿ ಸಣ್ಣ ಬಾಟ್ಲಿಗೆ ಕಂಠಪೂರ್ತಿ ತುಂಬಿಸಿ, ಗಾಳಿಗೆ ಜಾಗಾನೇ ಇಲ್ಲದ ಹಾಗೆ ಬಿಗಿಯಾಗಿ ಮುಚ್ಚಿ ಫ್ರಿಜ್ಜಲ್ಲಿ ಇಟ್ಟಿದ್ದು. ಉಳಿದ ಅರ್ಧ ಗಾಳಿಗೆ ಬಿಟ್ಟು ಏನಾಗುತ್ತೆ ನೋಡೋಣ ಅಂತ.

ಗ್ಲಾಸಲ್ಲಿ ಮೂರನೇ ಒಂದು ಭಾಗ ಹಾಕಿ ಮೂಗಿಟ್ರೆ ಹಣ್ಣೇ ಇಲ್ಲ. ಆಗಷ್ಟೇ ಗೀರಿದ ಬೆಂಕಿಕಡ್ಡಿ ವಾಸನೆ, ಅದರ ಹಿಂದೆ ರಬ್ಬರ್ ಥರ ಏನೋ. ಬಾಯಲ್ಲಿ ಬರೀ ಒಗರು, ಹೊತ್ತುಗಟ್ಟಲೆ ಕುದಿಸಿದ ಕಪ್ಪು ಟೀ ಕುಡಿದಂಗೆ ಒಸಡೆಲ್ಲ ಒಣಗಿ ಹಿಡ್ಕೊಂಡ್ತು. ಇದು ಕೆಟ್ಟಿದ್ದಲ್ಲ, ರಿಡಕ್ಷನ್. ಗಾಳಿ ಸಿಗದೆ ಇದ್ದ ವೈನಲ್ಲಿ ಗಂಧಕದ ಕಾಂಪೌಂಡುಗಳು ಕೂತಿರ್ತವೆ, ಸಿರಾ ಮತ್ತು ಮೂರ್ವೆದ್ರ್‌ಗೆ ಈ ಗುಣ ಜಾಸ್ತಿ, ಸ್ಕ್ರೂ ಕ್ಯಾಪ್ ಇದ್ರೆ ಒಳಗೆ ಹೋಗೋ ಗಾಳಿ ಇನ್ನೂ ಕಮ್ಮಿ. ಖಾತ್ರಿ ಮಾಡ್ಕೊಳೋಕೆ ಇನ್ನೊಂದು ಗ್ಲಾಸಿಗೆ ಚೂರೇ ಹಾಕಿ ಚೆನ್ನಾಗಿ ತೊಳೆದ ತಾಮ್ರದ ತಂತಿ ಆಡಿಸಿದೆ, ಒಂದೆರಡು ನಿಮಿಷದಲ್ಲಿ ಆ ರಬ್ಬರ್ ವಾಸನೆ ಅರ್ಧಕ್ಕರ್ಧ ಇಳೀತು! ತಾಮ್ರ ಗಂಧಕವನ್ನ ಹಿಡ್ಕೊಳ್ಳುತ್ತೆ, ಅದಕ್ಕೇ. ಆ ಗ್ಲಾಸನ್ನ ಮೂಸಿ ಚೆಲ್ಲಿದೆ, ಕುಡೀಲಿಲ್ಲ. ಕಾರ್ಕಿಂದ ಬರೋ ಒದ್ದೆ ರಟ್ಟಿನ ವಾಸನೆ ಆಗಿದ್ರೆ ಬೇರೆ ಮಾತು, ಅದು ಎಷ್ಟು ಹೊತ್ತು ಇಟ್ರೂ ಹೋಗಲ್ಲ.

ಬಾಟ್ಲಿ ಮುಚ್ಚಳ ತೆಗೆದು ಇಟ್ರೆ ಸಾಕು, ವೈನ್ ಉಸಿರಾಡುತ್ತೆ ಅಂತಾರೆ, ನಾನೂ ವರ್ಷಗಟ್ಟಲೆ ಹಾಗೇ ಇಡ್ತಿದ್ದೆ. ಬಾಟ್ಲಿ ಕತ್ತಿನ ಅಗಲ ಒಂದ್ಸಲ ನೋಡಿ, 2 ಸೆಂಟಿಮೀಟರೂ ಇಲ್ಲ, ಅಷ್ಟರಲ್ಲಿ ಎಷ್ಟು ಗಾಳಿ ಹೋದೀತು? ಈ ಸಲ ಅಗಲ ಬಾಯಿನ ಗಾಜಿನ ಜಗ್ಗಿಗೆ ಸುರಿದೆ, ಮೇಲಿಂದ, ನೊರೆ ಬರೋ ಹಾಗೆ.

ಒಂದು ಗಂಟೆ ಕಳೆಯೋ ಹೊತ್ತಿಗೆ ಬೆಂಕಿಕಡ್ಡಿ ವಾಸನೆ ಹೋಗಿತ್ತು. ಮೊದಲು ಎದ್ದು ಬಂದಿದ್ದು ಗ್ರೆನಾಶ್, ಸ್ಟ್ರಾಬೆರಿ ಬೇಯಿಸಿದ ಹಾಗೆ ಸಿಹಿ ಸಿಹಿ ಘಮ. ಎರಡೂವರೆ ಗಂಟೆ ಹೊತ್ತಿಗೆ ಸಿರಾದ ಕರಿಮೆಣಸು, ಗ್ಲಾಸ್ ತಿರುಗಿಸಿದಾಗ ಮಾತ್ರ ಬರೋದು, ನಿಲ್ಲಿಸಿದ್ರೆ ಮಾಯ. ಒಗರು ಕಮ್ಮಿ ಆಯ್ತು ಅನ್ನಿಸ್ತು, ಆದರೆ ನನಗೆ ಅನುಮಾನ, ಎರಡು ಗಂಟೆಯಲ್ಲಿ ಒಗರು ಕೊಡೋ ಟ್ಯಾನಿನ್ ಅಷ್ಟೊಂದು ಬದಲಾಗಲ್ಲ, ಹಣ್ಣಿನ ಘಮ ಮೇಲೆ ಬಂದಾಗ ಅದೇ ಒಗರು ನಾಲಿಗೆಗೆ ಮೆತ್ತಗೆ ಕಾಣುತ್ತೆ. ಜೊತೆಗೆ ನಾನೊಂದು ತಪ್ಪು ಮಾಡಿದ್ದೆ. ಶುರುವಲ್ಲಿ ವೈನು 16 ಡಿಗ್ರಿ ಇತ್ತು, ಆಮೇಲೆ ಅಳೆದಾಗ 22, ಸೆಕೆಗೆ ಆಲ್ಕೋಹಾಲ್ ಮೂಗಿಗೆ ಚುರುಕ್ ಅಂತಿತ್ತು, ತಣ್ಣಗಿದ್ರೆ ಒಗರು ಜಾಸ್ತಿ ಬೆಚ್ಚಗಾದ್ರೆ ಕಮ್ಮಿ, ಅಂದ್ರೆ ನಾನು ಗಾಳಿಯ ಕೆಲಸ ಅಂತ ಬರ್ಕೊಂಡಿದ್ದರಲ್ಲಿ ಸ್ವಲ್ಪ ಬಿಸಿಯ ಕೆಲಸವೂ ಇತ್ತು. ಆಮೇಲಿಂದ ಪ್ರತಿ ಸಲ 16ಕ್ಕೆ ತಂದೇ ರುಚಿ ನೋಡಿದೆ.

ಮಿಕ್ಕಿದ್ದನ್ನ ಬಾಟ್ಲಿಗೆ ವಾಪಸ್ ಹಾಕಿ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಸಂಜೆ ತೆಗೆದೆ, ಇದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಗ್ಲಾಸು. ಸ್ಟ್ರಾಬೆರಿ ಹಿಂದೆ ಸರಿದು ಮೂರ್ವೆದ್ರ್ ಮುಂದೆ ಬಂದಿತ್ತು, ಚರ್ಮದ ಬೆಲ್ಟಿನ ವಾಸನೆ, ಮಳೆ ಬಿದ್ದ ಮಣ್ಣು, ಕಪ್ಪು ಹಣ್ಣು. ನಿನ್ನೆ ಮುಚ್ಕೊಂಡು ಕೂತಿದ್ದ ಅದೇ ದ್ರಾಕ್ಷಿ ಇದು. ಬ್ಲೆಂಡಲ್ಲಿ ಮೂರೂ ಒಟ್ಟಿಗೆ ತೆರೆದುಕೊಳ್ಳಲ್ಲ, ಒಂದೊಂದರ ಗಡಿಯಾರ ಬೇರೆ, ಗ್ರೆನಾಶ್ ಬೇಗ ಬಂದು ಬೇಗ ಹೋಗುತ್ತೆ, ಗಾಳಿಗೆ ಬೇಗ ಸೋಲೋದೂ ಅದೇ.

ಮೂರನೇ ದಿನ ಆ ವೈನಿನ ಕತೆ ಮುಗೀತು. ಕತ್ತರಿಸಿಟ್ಟು ಕಂದಾದ ಸೇಬಿನ ವಾಸನೆ, ಕೊನೆಗೆ ಚೂರು ವಿನೆಗರ್ ಥರ ಹುಳಿ. ಆಗ ಆ ಸಣ್ಣ ಬಾಟ್ಲಿ ತೆಗೆದು ಪಕ್ಕದ ಗ್ಲಾಸಿಗೆ ಸುರಿದೆ. ಮೂಗಿಟ್ಟೆ, ಅದೇ ಬೆಂಕಿಕಡ್ಡಿ! ಮೊದಲ ದಿನದ್ದೇ, ಚೂರು ತೆಳುವಾಗಿ. ನಗು ಬಂತು, ತಕ್ಷಣ ಎರಡನ್ನೂ ಅತ್ತಿತ್ತ ಮೂಸ್ತಾ ಕೂತೆ, ಆಮೇಲೆ ಸೇಬಿನ ವಾಸನೆದು ಚೆಲ್ಲಿ ಸಣ್ಣ ಬಾಟ್ಲಿದನ್ನ ಜಗ್ಗಿಗೆ ಹಾಕಿ ಗಂಟೆ ನೋಡ್ಕೊಂಡೆ.