ರೆಕಾರ್ಡರ್ ಕೊಳ್ಳುವ ಮುನ್ನ ಗಂಟೆಯ ಲೆಕ್ಕ ಹಾಕಿ

ರವೀಂದ್ರ ಕಲಾಕ್ಷೇತ್ರದ ನಾಟಕವಿರಲಿ, ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನ ಕಛೇರಿಯಿರಲಿ, ಚಿತ್ರೀಕರಿಸುವವರಿಗೆ ಎದುರಾಗುವ ತೊಡಕು ಒಂದೇ: ಕಾರ್ಯಕ್ರಮ ಇನ್ನೂ ನಡೆಯುತ್ತಿರುತ್ತದೆ, ಕ್ಯಾಮೆರಾ ನಿಂತಿರುತ್ತದೆ. ಹಳೆಯ ಮಿರರ್‌ಲೆಸ್, ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತವೆ. ಕೆಲವು ಬಿಸಿಯೇರಿ ಅದಕ್ಕೂ ಮೊದಲೇ ಕೈಕೊಡುತ್ತವೆ. ಎಚ್‌ಡಿಎಂಐ ಮೂಲಕ ಚಿತ್ರವನ್ನು ಪಡೆದು ತನ್ನದೇ ಡ್ರೈವಿನಲ್ಲಿ ಬರೆದುಕೊಳ್ಳುವ ಬಾಹ್ಯ ರೆಕಾರ್ಡರ್ ಈ ಕಷ್ಟಕ್ಕೆ ಒಳ್ಳೆಯ ಪರಿಹಾರ. ಆದರೆ ಅದನ್ನು ಆರಿಸುವ ಕೆಲಸ ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ ಶುರುವಾಗಬೇಕು.

ಮೊದಲು ಕ್ಯಾಮೆರಾದ ಕೈಪಿಡಿ ತೆಗೆದು ಎಚ್‌ಡಿಎಂಐ ಭಾಗ ಓದಿ. ಬ್ಯಾಟರಿ ಗುರುತು, ಫೋಕಸ್ ಚೌಕ ಯಾವುದೂ ಇಲ್ಲದ ಶುದ್ಧ ಚಿತ್ರ ಹೊರಗೆ ಬರುತ್ತದೆಯೇ? 4ಕೆ ಬರುತ್ತದೆಯೋ, ಫುಲ್ ಎಚ್‌ಡಿ ಮಾತ್ರವೋ? ಬಣ್ಣದ ಛಾಯೆಗಳು 8 ಬಿಟ್ಟೋ, ಇನ್ನೂ ನವಿರಾದ 10 ಬಿಟ್ಟೋ? ಕಾರ್ಡಿನಲ್ಲಿ 8 ಬಿಟ್ ಬರೆಯುವ ಕೆಲವು ಕ್ಯಾಮೆರಾಗಳು ಹೊರಕ್ಕೆ 10 ಬಿಟ್ 4:2:2, ಅಂದರೆ ಬಣ್ಣದ ವಿವರ ಹೆಚ್ಚಿರುವ ಚಿತ್ರ ಕೊಡುತ್ತವೆ. ರಂಗದ ಹಿಂಪರದೆಯ ಮೇಲೆ ನೀಲಿ ಬೆಳಕು ನಿಧಾನವಾಗಿ ಕಪ್ಪಿಗೆ ಇಳಿಯುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: 8 ಬಿಟ್‌ನಲ್ಲಿ ಬಣ್ಣ ತಿದ್ದಿದರೆ ಅಲ್ಲಿ ಪಟ್ಟೆಗಳು ಏಳುತ್ತವೆ. ಕ್ಯಾಮೆರಾ 8 ಬಿಟ್ಟನ್ನೇ ಹೊರಗೆ ಕಳಿಸಿದರೆ ಎಷ್ಟು ದುಬಾರಿ ರೆಕಾರ್ಡರ್ ಕೂಡ ಅದನ್ನು ಸರಿಪಡಿಸಲಾರದು.

ಇನ್ನು ಲೆಕ್ಕ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಸಭಾಂಗಣದ ದೀಪಗಳು ಮಿನುಗದಿರಲು ಸೆಕೆಂಡಿಗೆ 25 ಫ್ರೇಮ್, 1/50 ಶಟರ್ ಸುರಕ್ಷಿತ ಆಯ್ಕೆ. ಆ ವೇಗದಲ್ಲಿ 4ಕೆ ಚಿತ್ರವನ್ನು ಎಡಿಟಿಂಗ್‌ಗೆ ಒಗ್ಗುವ ಆಪಲ್‌ನ ವಿಡಿಯೊ ಸ್ವರೂಪವಾದ ಪ್ರೊರೆಸ್ 422ರಲ್ಲಿ ಬರೆದರೆ ಗಂಟೆಗೆ ಸುಮಾರು 221 ಜಿಬಿ, ಅದರ ಮೇಲ್ದರ್ಜೆಯ 422 ಎಚ್‌ಕ್ಯೂನಲ್ಲಿ ಸುಮಾರು 332 ಜಿಬಿ ಬೇಕು. ಎರಡೂವರೆ ಗಂಟೆಯ ನಾಟಕಕ್ಕೆ ಎಚ್‌ಕ್ಯೂ 830 ಜಿಬಿ ನುಂಗುತ್ತದೆ. 1 ಟಿಬಿ ಡ್ರೈವ್ ಒಂದೇ ಪ್ರದರ್ಶನಕ್ಕೆ ಮುಗಿಯಿತು. ನಾಟಕಕ್ಕೂ ಕಛೇರಿಗೂ 422 ಧಾರಾಳ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದ ಹಣ ಎರಡನೆಯ ಡ್ರೈವಿಗೆ ಹೋಗಲಿ. ಫುಲ್ ಎಚ್‌ಡಿ ಸಾಕೆನ್ನುವವರಿಗೆ ಗಂಟೆಗೆ ಸುಮಾರು 55 ಜಿಬಿ.

ರೆಕಾರ್ಡರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಕುಟುಂಬ. ಅಟೊಮೊಸ್‌ನ ನಿಂಜಾ ವಿ ಬೆನ್ನಿಗೆ ಎಸ್‌ಎಸ್‌ಡಿ ಸಿಕ್ಕಿಸಿಕೊಳ್ಳುತ್ತದೆ. ಬ್ಲ್ಯಾಕ್‌ಮ್ಯಾಜಿಕ್‌ನ ವಿಡಿಯೊ ಅಸಿಸ್ಟ್ 12ಜಿ ಎಸ್‌ಡಿ ಕಾರ್ಡಿಗೂ ಯುಎಸ್‌ಬಿ-ಸಿ ಮೂಲಕ ಹೊರಗಿನ ಎಸ್‌ಎಸ್‌ಡಿಗೂ ಬರೆಯುತ್ತದೆ. ರೆಕಾರ್ಡ್ ಮಾಡಿದ ಡ್ರೈವನ್ನೇ ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ ಎಡಿಟಿಂಗ್ ಶುರುಮಾಡುವ ಅನುಕೂಲ ಎರಡನೆಯದರಲ್ಲಿದೆ. ಯಾವುದನ್ನೇ ಕೊಂಡರೂ ಎಚ್‌ಡಿಎಂಐ ಕೇಬಲ್ಲನ್ನು ಕ್ಯಾಮೆರಾಕ್ಕೆ ಬಿಗಿಯಾಗಿ ಹಿಡಿಯುವ ಕ್ಲ್ಯಾಂಪ್ ಜೊತೆಗಿರಲಿ. ಮೈಕ್ರೊ ಎಚ್‌ಡಿಎಂಐ ಕಿಂಡಿ ಬಹಳ ನಾಜೂಕು. ಯಾರೋ ನಡೆದುಹೋಗುವಾಗ ಕಾಲಿಗೆ ತಂತಿ ಸಿಕ್ಕಿದರೆ ಚಿತ್ರ ಕಡಿದುಹೋಗುವುದಷ್ಟೇ ಅಲ್ಲ, ಕಿಂಡಿಯೇ ಹಾಳಾಗುತ್ತದೆ.

ಡ್ರೈವ್ ಆರಿಸುವಾಗ ಡಬ್ಬಿಯ ಮೇಲಿನ ವೇಗಕ್ಕೆ ಮರುಳಾಗಬೇಡಿ. ಎಚ್‌ಕ್ಯೂಗೆ ಬೇಕಾದದ್ದು ಸೆಕೆಂಡಿಗೆ ಸುಮಾರು 92 ಎಂಬಿ ಮಾತ್ರ, ಆದರೆ ಅದು ಮೂರು ಗಂಟೆ ಒಂದೇ ಸಮನೆ ಬೇಕು. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿಗಳು ಮೊದಲು ನಾಗಾಲೋಟದಲ್ಲಿ ಓಡಿ, ಒಳಗಿನ ಕ್ಯಾಶ್ (ವೇಗದ ತಾತ್ಕಾಲಿಕ ಜಾಗ) ತುಂಬಿದೊಡನೆ ತೆವಳತೊಡಗುತ್ತವೆ. ಕೋಶಕ್ಕೆ ಮೂರು ಬಿಟ್‌ನ ಟಿಎಲ್‌ಸಿ ಮಾದರಿಯನ್ನೇ ಕೇಳಿ. ರೆಕಾರ್ಡರ್ ಕಂಪನಿ ಪರೀಕ್ಷಿಸಿ ಪ್ರಕಟಿಸಿದ ಡ್ರೈವ್‌ಗಳ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿ. ಎಡಿಟಿಂಗ್‌ಗೂ ಎಸ್‌ಎಸ್‌ಡಿಯೇ ಇರಲಿ: ಮೂರು ಕ್ಯಾಮೆರಾಗಳ ಎಚ್‌ಕ್ಯೂ ಚಿತ್ರ ಒಟ್ಟಿಗೆ ಓಡಲು ಸೆಕೆಂಡಿಗೆ 276 ಎಂಬಿ ಬೇಕು, ಪೋರ್ಟಬಲ್ ಹಾರ್ಡ್‌ಡಿಸ್ಕ್‌ಗೆ ಅದು ಆಗದ ಮಾತು. ಕೇಬಲ್ಲಿನ ಮೇಲೂ ಗಮನವಿರಲಿ. ಫೋನ್ ಚಾರ್ಜಿಂಗಿಗೆ ಬಂದ ಅನೇಕ ಯುಎಸ್‌ಬಿ-ಸಿ ಕೇಬಲ್‌ಗಳ ಮಿತಿ 480 ಮೆಗಾಬಿಟ್, ಅಂದರೆ ಸೆಕೆಂಡಿಗೆ 60 ಎಂಬಿ ದಾಟುವುದಿಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಜಿಎಸ್‌ಟಿ ಬಿಲ್ ಪಡೆದು, ಸೀರಿಯಲ್ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಪರಿಶೀಲಿಸಿ. ಮನೆಗೆ ಬಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ತಂತ್ರಾಂಶದಿಂದ ಡ್ರೈವನ್ನು ಪೂರ್ತಿ ತುಂಬಿಸಿ ಓದಿಸಿ. ನಕಲಿ ಡ್ರೈವ್ ಇದರಲ್ಲಿ ಬಯಲಾಗುತ್ತದೆ. ಬಳಿಕ ರೆಕಾರ್ಡರ್‌ನಲ್ಲೇ ಫಾರ್ಮ್ಯಾಟ್ ಮಾಡಿ, ತಿರುಗುವ ಫ್ಯಾನಿನತ್ತ ಕ್ಯಾಮೆರಾ ನಿಲ್ಲಿಸಿ, ಡ್ರೈವ್ ತುಂಬುವವರೆಗೂ ಬಿಡಿ. ಫ್ರೇಮ್ ತಪ್ಪಿದರೆ ಅದು ಪ್ರದರ್ಶನದ ದಿನವಲ್ಲ, ಇಂದೇ ಗೊತ್ತಾಗಲಿ.

ಚಿತ್ರೀಕರಣ ಮುಗಿದ ರಾತ್ರಿಯೇ ಎರಡು ಪ್ರತಿ ಮಾಡಿ: ಎಡಿಟಿಂಗ್‌ಗೆ ಎಸ್‌ಎಸ್‌ಡಿಯಲ್ಲೊಂದು, ಸಂಗ್ರಹಕ್ಕೆ ಹಾರ್ಡ್‌ಡಿಸ್ಕಿನಲ್ಲೊಂದು. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಎಸ್‌ಎಸ್‌ಡಿ ದತ್ತಾಂಶ ಕಳೆದುಕೊಳ್ಳಬಹುದು. ಅಲ್ಲಿ ಹಾರ್ಡ್‌ಡಿಸ್ಕೇ ಮೇಲು, ಅಗ್ಗವೂ ಹೌದು. ಎರಡೂ ಪ್ರತಿಗಳನ್ನು ತೆರೆದು, ಆರಂಭ, ನಡು, ಕೊನೆ ಓಡಿಸಿ ನೋಡಿದ ಮೇಲೆಯೇ ರೆಕಾರ್ಡರ್‌ನ ಡ್ರೈವನ್ನು ಅಳಿಸಿ.