ಭೂಪಾಲಿ ರಾಗಕ್ಕೆ ಬೇಸ್ ಗಿಟಾರ್ ಕೂರಿಸಿದ್ದು ಹೀಗೆ

ಭಜನೆಗೆ ಬೇಸ್ ಗಿಟಾರ್ ಹೊಂದಲ್ಲ ಅಂತ ಎರಡು ವರ್ಷ ಕೇಳಿದ್ದೇನೆ. ಕಲಬುರಗಿಯಲ್ಲಿ ನಮ್ಮದು ವಚನ, ತತ್ವಪದ ಹಾಡುವ ತಂಡ. ಪೇಟಿ (ಹಾರ್ಮೋನಿಯಂ) ಬಾರಿಸುವ ಹಿರಿಯರು 'ಸಾ, ಪಾ ಹಿಡಿದು ಸುಮ್ನೆ ಕೂತಿರು' ಅಂದಿದ್ದರು. ಈ ಸಲ ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಅವರೇ 'ಬೇಸ್ ಇನ್ನೂ ಜೋರು ಮಾಡು' ಅಂದರು.

ನಮ್ಮ ಸಾ ಅಂದರೆ ಸಿ ಸ್ವರ. ಮೊದಲು ಆರ್ಕೆಸ್ಟ್ರಾ ಚಾಳಿಯಲ್ಲೇ ಸಿ, ಎಫ್, ಜಿ ಕಾರ್ಡ್ (ಮೂರು ಸ್ವರಗಳ ಗುಂಪು) ಹಾಕಿ ಕೆಟ್ಟೆ. ಎಫ್‌ನಲ್ಲಿ ಮ ಬರುತ್ತದೆ, ಜಿಯಲ್ಲಿ ನಿ ಬರುತ್ತದೆ, ಸಾ ರೇ ಗಾ ಪಾ ಧಾ ಅಷ್ಟೇ ಇರುವ ಭೂಪಾಲಿಯಲ್ಲಿ ಎರಡೂ ಇಲ್ಲ ಅಲ್ವಾ? ಸಿ ಮತ್ತು ಎ ಮೈನರ್ ಮಾತ್ರ ಪೂರ್ತಿ ರಾಗದೊಳಗೇ ಇವೆ. ಜಿ ಬೇಕಾದಲ್ಲಿ ನಡುವಿನ ಸ್ವರ ಬಿಟ್ಟು ಪಾ, ರೇ ಅಷ್ಟೇ ಬಾರಿಸುತ್ತೇನೆ. ಸಿಯಿಂದ ಎಗೆ (ಧಾ) ಇಳಿಯುವಾಗ ಕೈ ತಾನಾಗಿ ಬಿ ಮುಟ್ಟುತ್ತಿತ್ತು, ಆ ಒಂದು ನಿ ಇಡೀ ಹಾಡು ಕೆಡಿಸುತ್ತಿತ್ತು. ಈಗ ಕೆಳಗಿನ ಪಾಗೆ ಹೋಗಿ ಅಲ್ಲಿಂದ ಧಾಗೆ ಏರುತ್ತೇನೆ.

ಗೆದ್ದದ್ದು ಒಂದು ಜಾಗದಲ್ಲಿ. ಹಾಡುವವರು ಗಾ ಮೇಲೆ ನಿಂತಾಗ ಸಾ ಬದಲು ಕೆಳಗೆ ಧಾ ಕೊಟ್ಟೆ. ಅದೇ ಗಾ ಈಗ ಧಾದಿಂದ ಎಣಿಸಿದ ಐದನೇ ಸ್ವರವಾಗಿ ಕೇಳಿಸಿತು. ಅವರು ಕಣ್ಣು ತೆರೆದು ನನ್ನ ಕಡೆ ನೋಡಿ, ಆ ಸಾಲನ್ನೇ ಮತ್ತೆ ಮೂರು ಸಲ ಹಾಡಿದರು. ಜಾಸ್ತಿ ಮಾಡಿದರೆ ಮಾತ್ರ ಕಿವಿಗೆ ಧಾನೇ ಸಾ ಆಗಿಬಿಡುತ್ತದೆ, ಹಾಗಾಗಿ ನಾಲ್ಕು ಸಾಲಿಗೆ ಒಮ್ಮೆ ಸಾಕು. ಎಂಟು ಮಾತ್ರೆಯ ಕೆಹರವಾ ತಾಳದಲ್ಲಿ ಸಮ್ (ಮೊದಲ ಮಾತ್ರೆ) ಮೇಲೆ ಕಾರ್ಡಿನ ಮೂಲ ಸ್ವರ, ಖಾಲಿಯಲ್ಲಿ (ಐದನೇ ಮಾತ್ರೆ) ಬೇಸ್ ಮೌನ. ಎಂಟನೇ ಮಾತ್ರೆಯಲ್ಲಿ ಏನು ಮಾಡುತ್ತೇನೆ ಅನ್ನೋದನ್ನು ಇಲ್ಲಿ ಹೇಳಲ್ಲ.

ದುಡ್ಡಿನ ಮಾತು. ಹಳೇ ಬೇಸ್‌ಗೆ ಸುಮಾರು ಒಂಬತ್ತು ಸಾವಿರ ಕೊಟ್ಟೆ. ಎಂಟು ಇಂಚಿನ ಸ್ಪೀಕರ್ ಕೊಂಡಿದ್ದು ದಂಡ, ದಪ್ಪ ಇ ತಂತಿಯ ಸ್ವರ 41 ಹರ್ಟ್ಜ್‌ನಷ್ಟು ಕೆಳಗೆ, ಆ ಸ್ಪೀಕರ್‌ನಲ್ಲಿ ಬರೀ ಗೊರಗೊರ. ಜೋರು ಮಾಡಿ ಸುಟ್ಟೆ, ನಾಲ್ಕೈದು ಸಾವಿರ ಹೋಯಿತು. ನಮ್ಮ ಬೇಸಿಗೆಯ ಒಣಗಾಳಿಗೆ ಫ್ರೆಟ್ (ಗಿಟಾರಿನ ಕುತ್ತಿಗೆ ಮೇಲಿನ ಲೋಹದ ಪಟ್ಟಿ) ತುದಿಗಳು ಹೊರಗೆ ಚಾಚಿ ಬೆರಳು ಕೊಯ್ದವು, ಅರ ಹಾಕಿ ನಾನೇ ಉಜ್ಜಿದೆ.

ನಡುವೆ ಇನ್ನೊಂದು ಹುಚ್ಚು: ಸಾ, ಗಾ ಒಟ್ಟಿಗೆ ಬಾರಿಸಿ ನೋಡಿದೆ. ಕೆಳಗೆ ಕಲಸಿಹೋಯಿತು. ಗಾ ಒಂದು ಸಪ್ತಕ ಮೇಲಕ್ಕೆ ಒಯ್ದೆ, ಸಾ ಇ ತಂತಿಯ ಎಂಟನೇ ಮನೆ (ಫ್ರೆಟ್), ಗಾ ಜಿ ತಂತಿಯ ಒಂಬತ್ತನೇ ಮನೆ. ತಿಳಿಯಾಗಿ ಕೇಳಿಸಿತು.

ಈಗ ಮಾಲಕಂಸ ರಾಗ ಹಿಡಿದಿದ್ದೇನೆ. ಪಾ ಇಲ್ಲದ್ದರಿಂದ ಸಾ ಮೇಲೆ ಕಾರ್ಡೇ ಕಟ್ಟಲು ಬರಲ್ಲ, ಆದರೆ ಎಫ್ ಮೈನರ್ ಪೂರ್ತಿ ಕೂರುತ್ತದೆ. ತಂಬೂರಿಯನ್ನೂ ಅಲ್ಲಿ ಮ ಸ್ವರಕ್ಕೇ ಸೇರಿಸುತ್ತಾರಲ್ಲ, ಅದಕ್ಕೇ ನನಗೆ ಧೈರ್ಯ.