ವಿದ್ಯಾನಗರದ ಬಸ್ಸು ಹತ್ತಿದ್ದು

ಪ್ಲಸ್ ಟು ಮುಗಿದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೇ ಎದ್ದವು. ಯಾವ ಕಾಲೇಜು? ಅಲ್ಲಿ ಎಂತಹ ಹುಡುಗರ ಪರಿಚಯವಾದೀತು? ಎರಡನೆಯದು ಅಮ್ಮನ ಮನಸ್ಸಿನಲ್ಲಿತ್ತು, ಬಾಯಿಬಿಟ್ಟು ಕೇಳಿದವಳು ನಾನು. ಮದುವೆಯಾಗಬೇಕು, ಮಕ್ಕಳಾಗಬೇಕು, ಸಂಜೆಯಾದರೆ ಮನೆಯಲ್ಲಿ ಎಲ್ಲರೂ ಕೂತು ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳಬೇಕು ಎಂಬ ಆಸೆ ನನಗೆ ಹದಿನೆಂಟರಲ್ಲೇ ಇತ್ತು. ಗೆಳತಿಯರು ನಗುತ್ತಿದ್ದರು, ನಗಲಿ.

ನಾವು ಕಾಸರಗೋಡು ಜಿಲ್ಲೆಯ ಬೇಳದವರು, ಕಥೋಲಿಕ ಕ್ರೈಸ್ತರು. ಮನೆಮಾತು ಕೊಂಕಣಿ, ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಊರಿನ ಶೋಕಮಾತೆಯ ಇಗರ್ಜಿ (ಚರ್ಚು) 1890ರದು. ಜಿಲ್ಲೆ ಕೇರಳದ್ದಾದರೂ ನಮ್ಮ ಧರ್ಮಪ್ರಾಂತ್ಯ, ಅಂದರೆ ನಮ್ಮ ಬಿಷಪರ ವ್ಯಾಪ್ತಿ, ಮಂಗಳೂರು. ಹಳೆಯ ಕ್ರಮದ ಹುಚ್ಚು ನನಗೆ ಹಿಡಿದದ್ದು ಅಜ್ಜಿಯಿಂದ. 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚಿನ ಲ್ಯಾಟಿನ್ ಭಾಷೆಯ ಬಲಿಪೂಜೆಯ ಉತ್ತರಗಳು ಅವರಿಗೆ ಇನ್ನೂ ಬಾಯಿಪಾಠ. ಅರ್ಥವಾಗುತ್ತಿತ್ತೇ ಎಂದರೆ, "ಅರ್ಥಕ್ಕೆ ಪುರುಸೊತ್ತೆಲ್ಲಿತ್ತು ಮಗಳೇ, ಮೊಣಕಾಲು ನೋಯುತ್ತಿತ್ತು" ಎನ್ನುತ್ತಿದ್ದರು. ನಾನು ತಲೆಗೆ ಶಾಲು ಹೊದ್ದು ಪೂಜೆಗೆ ಹೋಗುತ್ತೇನೆ, ಶುಕ್ರವಾರ ಮಾಂಸ ಮುಟ್ಟುವುದಿಲ್ಲ. ಆದರೆ ಲ್ಯಾಟಿನ್ ಪೂಜೆಯನ್ನೇ ಬಯಸುವ ಹುಡುಗ ಬೇಕೆಂದು ಹಟ ಹಿಡಿದರೆ ನಮ್ಮ ಕಡೆ ಒಂಟಿಯಾಗಿಯೇ ಮುದುಕಿಯಾಗಬೇಕು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅದಕ್ಕೆ ಕಡಿವಾಣ ಹಾಕಿದ ಮೇಲಂತೂ ಆ ಮಾತೇ ಬೇಡ.

ಅಮ್ಮನಿಗೆ ಮಂಗಳೂರೇ ಆಗಬೇಕಿತ್ತು. ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು 1921ರಲ್ಲಿ ಕಟ್ಟಿದ ಸಂತ ಆಗ್ನೆಸ್ ಕಾಲೇಜು ಎಂದರೆ ಅವರಿಗೆ ಅರ್ಧ ಕಾನ್ವೆಂಟು ಇದ್ದಂತೆ. ಹುಡುಗಿಯರದೇ ಕಾಲೇಜಿನಲ್ಲಿ ನನ್ನ ಎರಡನೆಯ ಪ್ರಶ್ನೆಗೆ ಉತ್ತರ ಹೇಗೆ ಸಿಕ್ಕೀತು ಎಂದು ಕೇಳಿ ಬೈಸಿಕೊಂಡೆ. ಅಲ್ಲಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನಲ್ಲಿ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳ ಕೆಳಗೆ ಅರ್ಧ ಗಂಟೆ ಕೂತಾಗ ಮನಸ್ಸು ಬಹಳ ಮಟ್ಟಿಗೆ ಮಂಗಳೂರಿನತ್ತಲೇ ವಾಲಿತ್ತು.

ಆಮೇಲೆ ಎರಡು ಕೆಲಸ ಮಾಡಿದೆ. ಮೊದಲನೆಯದು, ಒಂದು ವಾರ ಕಾಲೇಜಿಗೆ ಹೋಗುವವಳಂತೆಯೇ ಬೆಳಗ್ಗೆ ಹೊರಟು ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಹೋಗಿ ಬಂದೆ. ಮೂರನೆಯ ದಿನಕ್ಕೇ ಸುಸ್ತಾಗಿ ತೇರ್ಸಿನ ನಡುವೆ ತೂಕಡಿಸಿದೆ, ಐದನೆಯ ದಿನ ನಾನು ಮನೆ ಸೇರುವಾಗ ತೇರ್ಸೇ ಮುಗಿದಿತ್ತು. ಹಾಸ್ಟೆಲಿಗೆ ಸೇರಬೇಕೆಂದರೆ ಬ್ಯಾಂಕಿನ ಸಾಲ. ಸಾಲ ತೀರಿಸಲು ನಾಲ್ಕೈದು ವರ್ಷ ದುಡಿದು, ಆಮೇಲೆ ಮದುವೆಯ ಮಾತು. ಎರಡನೆಯದು, ಬೇರೆ ಬೇರೆ ಕ್ರೈಸ್ತ ಕಾಲೇಜುಗಳಲ್ಲಿ ಓದಿದ ಮೂವರು ಅಕ್ಕಂದಿರನ್ನು ಮಾತನಾಡಿಸಿದೆ. ಪಾಠ, ಫೀಸು ಕೇಳಲಿಲ್ಲ. "ಈಗ ಪಾಪನಿವೇದನೆಗೆ ಹೋಗುತ್ತೀರಾ?" ಎಂದು ಮಾತ್ರ ಕೇಳಿದೆ. ಒಬ್ಬರು ಹೌದು ಎಂದರು. ಒಬ್ಬರು ನಕ್ಕರು. ಇನ್ನೊಬ್ಬರು ಚಹಾ ಮಾಡಲು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಕೊನೆಗೆ ಸೇರಿದ್ದು ಕಾಸರಗೋಡು ಸರಕಾರಿ ಕಾಲೇಜಿಗೆ. ಅದು 1957ರ ಕಾಲೇಜು, ಕನ್ನಡ ವಿಭಾಗ ಇದೆ, ಬದಿಯಡ್ಕದಿಂದ ಚೆರ್ಕಳ ದಾರಿಯ ಬಸ್ಸು ಕಾಲೇಜಿರುವ ವಿದ್ಯಾನಗರದಲ್ಲಿ ಇಳಿಸುತ್ತದೆ. ಸಂಜೆ ಮನೆಯಲ್ಲಿರುತ್ತಿದ್ದೆ. ಇಗರ್ಜಿಯ ಗಾಯನ ಮಂಡಳಿ, ಯುವಜನರ ಸಂಘಟನೆಯಾದ ಯುವ ಸಂಚಾಲನ, ನೆರೆಮನೆಗಳವರು ಸೇರುವ ವಾಡೆಯ ಪ್ರಾರ್ಥನೆ ಒಂದೂ ತಪ್ಪಲಿಲ್ಲ. ತರಗತಿಯಲ್ಲಿ ಮಾತ್ರ ನಮ್ಮವಳು ನಾನೊಬ್ಬಳೇ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬಕ್ಕೆ, ಮಂಗಳೂರಿನ ಗೆಳತಿಯರಿಗೆ ರಜೆ, ನಾನು ತೆನೆ ತರಲು ಕ್ಲಾಸು ತಪ್ಪಿಸಬೇಕು. ಶುಕ್ರವಾರವೇ ಕ್ಯಾಂಟೀನಿನಲ್ಲಿ ಬಿರಿಯಾನಿ ಘಮಘಮಿಸಬೇಕೆ! ಪೂರ್ವದ ಗುಡ್ಡಗಳ ಕಡೆಯಿಂದ ಬರುತ್ತಿದ್ದ ಸಿರೋ ಮಲಬಾರ್ ಎಂಬ ಕಥೋಲಿಕ ಸಭೆಯ ಹುಡುಗಿಯರಿಬ್ಬರು ಜೊತೆಯಾದರು. ಅವರ ಪೂಜೆಯ ಕ್ರಮ ಬೇರೆ, ವಿಶ್ವಾಸ ಒಂದೇ. ಅವರ ಮನೆಯ ಹುಡುಗನನ್ನು ಮದುವೆಯಾಗಲು ವಿನಾಯಿತಿ, ಅಂದರೆ ಬಿಷಪರ ವಿಶೇಷ ಅನುಮತಿ, ಏನೂ ಬೇಡ ಎಂದು ನನಗೆ ಗೊತ್ತಾದದ್ದೂ ಆಗಲೇ.

ವಿನಾಯಿತಿ ಬೇಕಾಗುವಂಥದ್ದು ಎರಡನೆಯ ವರ್ಷದಲ್ಲಿ ಬಂತು. ಗ್ರಂಥಾಲಯದಲ್ಲಿ ಪರಿಚಯವಾದವನು ಕ್ರೈಸ್ತನಲ್ಲ. ಒಳ್ಳೆಯವನು, ಇದನ್ನು ಈಗಲೂ ಹೇಳುತ್ತೇನೆ. ಆರು ತಿಂಗಳು ಯಾರಿಗೂ ಹೇಳದೆ, ಕೊನೆಗೆ ನಮ್ಮ ಇಗರ್ಜಿಯ ಮುಖ್ಯ ಪಾದ್ರಿ ವಿಗಾರರ ಮುಂದೆ ಹೋಗಿ ಕೂತೆ. ಅವರು ಗದರಲಿಲ್ಲ. ದೀಕ್ಷಾಸ್ನಾನ ಪಡೆಯದವನೊಂದಿಗೆ ಮದುವೆಗೆ ಬಿಷಪರ ವಿನಾಯಿತಿ ಬೇಕು, ಇಲ್ಲದಿದ್ದರೆ ಅದು ಸಿಂಧುವಲ್ಲ. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ ಕಥೋಲಿಕರಾಗಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆಂದು ನಾನು ಮಾತು ಕೊಡಬೇಕು, ಆ ಮಾತು ಅವನಿಗೂ ತಿಳಿದಿರಬೇಕು. ಇಷ್ಟು ವಿವರಿಸಿ, "ಅವನನ್ನು ಕೇಳಿದ್ದೀಯಾ?" ಎಂದರು. ಕೇಳಿರಲಿಲ್ಲ. ಮರುದಿನ ಕೇಳಿದೆ. "ಮಕ್ಕಳು ದೊಡ್ಡವರಾಗಿ ಅವರೇ ಆರಿಸಿಕೊಳ್ಳಲಿ" ಎಂದ. ಅದರಲ್ಲಿ ತಪ್ಪೇನೂ ಇಲ್ಲ. ನನ್ನ ಅಜ್ಜಿ ಆರಿಸಿಕೊಳ್ಳಲು ಬಿಟ್ಟಿದ್ದರೆ ನಾನು ಹೀಗಿರುತ್ತಿರಲಿಲ್ಲ ಎಂಬುದನ್ನು ಅವನಿಗೆ ತಿಳಿಸಿ ಹೇಳಲು ನನಗೆ ಬರಲಿಲ್ಲ. ಆ ಸಲದ ಕಾಲೇಜಿನ ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತು. ಮಂಗಳೂರಿಗೆ ಹೋಗಿದ್ದರೆ ಇದು ಆಗುತ್ತಿರಲಿಲ್ಲ ಎಂದು ಅಮ್ಮ ಅಂದರು. ಇರಬಹುದು.

ಈಗ ವರ್ಕಾಡಿ ಕಡೆಯಿಂದ ಒಂದು ಸೊಯ್ರಿಕ್ (ಮದುವೆಯ ಸಂಬಂಧ) ಬಂದಿದೆ, ಬಂದದ್ದು ಗಾಯನ ಮಂಡಳಿಯ ಗೆಳತಿಯ ಮೂಲಕ. ಹುಡುಗನ ದೊಡ್ಡಮ್ಮ ಮೊದಲು ಕೇಳಿದ್ದು ನಾವು ಬಾಮೊಣರೋ ಚಾರೊಡಿಗಳೋ, ಅಂದರೆ ಹಿಂದಿನ ಯಾವ ಜಾತಿಯವರು ಎಂದು. ನಾಲ್ಕು ನೂರು ವರ್ಷ ದೀಕ್ಷಾಸ್ನಾನದ ನೀರು ಹರಿದರೂ ಈ ಕೊಳೆ ಮಾತ್ರ ತೊಳೆದು ಹೋಗಿಲ್ಲ. ಎರಡನೆಯ ಪ್ರಶ್ನೆ, "ಸರಕಾರಿ ಕಾಲೇಜಾ?" ಹುಡುಗ ಮಾತ್ರ ಕಾಲೇಜಿನ ಸುದ್ದಿ ಎತ್ತಲಿಲ್ಲ. ಅವನಿಗೆ ಲ್ಯಾಟಿನ್ ಒಂದು ಅಕ್ಷರ ಬರುವುದಿಲ್ಲ, ಹಾಡಲು ಅದಕ್ಕಿಂತಲೂ ಬರುವುದಿಲ್ಲ. ಮಾತು ಮುಗಿಯುವಾಗ ಸಂಜೆ ಏಳು. ಅಜ್ಜಿ ಯಾರನ್ನೂ ಕೇಳದೆ ತೇರ್ಸ್ ಶುರುಮಾಡಿಬಿಟ್ಟರು. ಅವನು ಜೇಬಿನಿಂದ ಜಪಮಾಲೆ ತೆಗೆದು, ಬರಿನೆಲದ ಮೇಲೆ ಮೊಣಕಾಲೂರಿದ.